ಒಂದು ಇರುಳಿನ ತಂಗುಬೆಲೆ

ಸೇಡಂನಿಂದ ಚಿಂಚೋಳಿಯ ಕಡೆಗೆ ಹೋಗುವ ದಾರಿ ತೊಗರಿಯ ಹೊಲಗಳ ನಡುವೆ ಬಹಳ ದೂರ ಒಂದೇ ಸಮನಾಗಿ ಸಾಗಿ, ಕೊನೆಗೆ ನಮ್ಮ ಬಯಲುಸೀಮೆಗೆ ಒಗ್ಗದಂತಹ ಗುಡ್ಡಗಾಡನ್ನು ಹೊಗುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನ ಮಡಿಲಲ್ಲಿ ಚಂದ್ರಂಪಳ್ಳಿಯ ಜಲಾಶಯವಿದೆ. ಬಿಸಿಲನ್ನೇ ಉಂಡು ಬೆಳೆದ ನಮ್ಮ ಹುಡುಗರಿಗೆ ಅಷ್ಟು ನೀರೇ ಒಂದು ಕಡಲು. ಕಳೆದ ಚಳಿಗಾಲದಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆ. ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಪತ್ರಿಕೆಯಲ್ಲಿ ಓದಿದ ಸಂಗತಿಯೊಂದನ್ನು ಹೇಳಿದ. ಯುರೋಪಿನ ಕಡಲತೀರದಲ್ಲಿ ಮರೀನಾ ಎಂಬ ವಿಹಾರನೌಕೆಗಳ ಬಂದರುಗಳಿವೆಯಂತೆ. ಅಲ್ಲಿ ಒಂದೇ ಒಂದು ರಾತ್ರಿ ದೋಣಿಯನ್ನು ಕಟ್ಟಿ ಮಲಗಬೇಕಾದರೆ ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿ ತೆರಬೇಕಂತೆ. ಶಹಾಬಾದಿನ ಕಡೆಯ ಮತ್ತೊಬ್ಬ ಹುಡುಗ ತಟ್ಟನೆ ಕೇಳಿದ: “ಸರ, ದೋಣಿ ನೀರಾಗ ನಿಂದ್ರಲಿಕ್ಕ ರೊಕ್ಕ ಯಾಕ ಕೊಡಬೇಕ್ರಿ? ನೀರೇನು ಅವರಪ್ಪಂದೇನ್ರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಆ ಪ್ರಶ್ನೆ ನನ್ನ ಪಕ್ಕದಲ್ಲಿಯೇ ಕುಳಿತಿತ್ತು. ಕಡಲಿನಿಂದ ನೂರಾರು ಮೈಲಿ ದೂರದ ಊರಿನವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕಡಲಿನ ಮಾತುಗಳು ನಮ್ಮ ಊರುಗಳಿಗೆ ಬಂದು ನೂರೈವತ್ತು ವರ್ಷಗಳಾಗಿವೆಯೆಂಬುದನ್ನು ಅವರು ಮರೆಯಬಾರದು.

‘ಬರ್ತ್’ ಎಂಬ ಮಾತನ್ನೇ ನೋಡಿ. ವಾಡಿ ಜಂಕ್ಷನ್ನಿನಲ್ಲಿ ನಿಂತು ಯಾರನ್ನಾದರೂ ಕೇಳಿದರೆ, ರೈಲಿನಲ್ಲಿ ಮಲಗುವ ಹಲಗೆ ಎಂದು ಹೇಳುತ್ತಾರೆ. ಮಂಗಳೂರಿನ ಬಂದರಿನಲ್ಲಿ ಕೇಳಿದರೆ ಹಡಗು ನಿಲ್ಲುವ ತಾವು ಎನ್ನುತ್ತಾರೆ. ಮೊದಲಿನ ಅರ್ಥ ಎರಡನೆಯದೇ. ಹಡಗಿಗೆ ನಿಲ್ಲಲು ಬೇಕಾದಷ್ಟು ಎಡೆ ಎಂಬುದರಿಂದ ಅದು ಹಡಗಿನೊಳಗೆ ನಾವಿಕನು ಮಲಗುವ ಎಡೆಯಾಯಿತು, ಅಲ್ಲಿಂದ ರೈಲನ್ನು ಹತ್ತಿತು. 1871ರಲ್ಲಿ ಮುಂಬಯಿಯ ಕಡೆಯ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಹಳಿಯ ಜೊತೆಯಲ್ಲಿಯೇ ಹಡಗಿನವರ ಶಬ್ದಕೋಶವೂ ನಮ್ಮ ಕಲ್ಲುನೆಲಕ್ಕೆ ಇಳಿಯಿತು. ರೈಲ್ವೆಯ ಸರಕುಕಟ್ಟೆಯಲ್ಲಿ ಹೊತ್ತು ಮೀರಿ ಮಾಲು ಬಿದ್ದಿದ್ದರೆ ತೆರಬೇಕಾದ ಹಣಕ್ಕೆ ಇಂದಿಗೂ ‘ವಾರ್ಫೇಜ್’ ಎಂದೇ ಹೆಸರು. ವಾರ್ಫ್ ಎಂದರೆ ಹಡಗುಕಟ್ಟೆ. ನಮ್ಮ ಕರಾವಳಿಯವರು ಅದನ್ನು ಧಕ್ಕೆ ಎನ್ನುತ್ತಾರೆ. ನಮ್ಮ ಕಡೆ ಧಕ್ಕೆ ಎಂದರೆ ಪೆಟ್ಟು. ಮಾಲನ್ನು ಹೊತ್ತಿಗೆ ಸರಿಯಾಗಿ ಎತ್ತದ ವ್ಯಾಪಾರಿಗೆ ಎರಡೂ ಅರ್ಥಗಳು ಒಂದೇ ಸಲಕ್ಕೆ ತಿಳಿಯುತ್ತವೆ!

ಇನ್ನು ಮರೀನಾದ ಲೆಕ್ಕಕ್ಕೆ ಬರೋಣ. ಅಲ್ಲಿ ಮಾರುವುದು ನೀರನ್ನಲ್ಲ. ಅಲೆಯನ್ನು ತಡೆಯುವ ಕಲ್ಲಿನ ಒಡ್ಡು, ಹೂಳೆತ್ತಿ ಉಳಿಸಿದ ಆಳ, ಹಗ್ಗ ಕಟ್ಟಲು ಗೂಟ, ಕಾಲಿಡಲು ತೇಲುವ ಹಲಗೆದಾರಿ, ಕುಡಿಯುವ ನೀರು, ವಿದ್ಯುತ್ತು, ಸ್ನಾನದ ಮನೆ, ರಾತ್ರಿಯ ಕಾವಲು ಇವಿಷ್ಟನ್ನೂ ಒಟ್ಟುಗೂಡಿಸಿ ಒಂದು ರಾತ್ರಿಗೆ ಇಷ್ಟೆಂದು ಬೆಲೆ ಕಟ್ಟುತ್ತಾರೆ. ಒಳಗೆ ಎಷ್ಟು ಮಂದಿ ಇದ್ದಾರೆಂಬುದಕ್ಕಿಂತ ದೋಣಿ ಎಷ್ಟು ಉದ್ದವಿದೆಯೆಂಬುದೇ ಮುಖ್ಯ. ಮೀಟರಿನ ಇಲ್ಲವೆ ಅಡಿಯ ಮೇಲೆ ದರ. ಜೋಡಿ ಒಡಲಿನ ಕ್ಯಾಟಮರಾನ್ ನಾವೆಗಳು ಅಗಲವನ್ನೂ ನುಂಗುವುದರಿಂದ ಒಂದೂವರೆ ಪಾಲು ತೆರುವುದು ಸಾಮಾನ್ಯ. ಆ ಹೆಸರು ತಮಿಳು ಬೆಸ್ತರ ಕಟ್ಟುಮರದಿಂದ ಹೋದದ್ದು. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಹೊಟ್ಟೆಪಾಡಿಗಾಗಿ ಕಡಲಿಗಿಳಿದವನ ಶಬ್ದ ಇಂದು ಸಿರಿವಂತರ ದರಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯ ಸಾಲಿನಲ್ಲಿ ಕುಳಿತಿದೆ. ಆಡ್ರಿಯಾಟಿಕ್ ಕಡಲಿನ ಕ್ರೊಯೇಶಿಯದಂತಹ ದೇಶದಲ್ಲಿ ಬೇಸಗೆಯ ನಡುವೆ ಹನ್ನೆರಡು ಮೀಟರಿನ ದೋಣಿಯೊಂದಕ್ಕೆ ಒಂದು ರಾತ್ರಿಗೆ ನೂರು ಯೂರೋ ದಾಟುವುದು ಅಪರೂಪವಲ್ಲ. ಪತ್ರಿಕೆ ಓದಿದ ನಮ್ಮ ಹುಡುಗನ ಲೆಕ್ಕ ಸುಳ್ಳಾಗಿರಲಿಲ್ಲ.

ಹಾಗಾದರೆ ಶಹಾಬಾದಿನ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತೆ? ಅರ್ಧ ಮಾತ್ರ. ಒಡ್ಡು ಕಟ್ಟಿದವನು ಒಡ್ಡಿನ ಬೆಲೆಯನ್ನು ಕೇಳುವುದು ಸರಿ. ಬೇಡವಾದವನು ಹೊರಗೆ ಕೊಲ್ಲಿಯಲ್ಲಿ ಲಂಗರು ಇಳಿಸಿ ಪುಕ್ಕಟೆಯಾಗಿ ಮಲಗಬಹುದಷ್ಟೆ. ವ್ಯವಹಾರ ನ್ಯಾಯವಾಗಿ ಕಾಣುವುದು ಈ ಎರಡನೆಯ ದಾರಿ ತೆರೆದಿರುವವರೆಗೆ. ಸ್ವೀಡನ್ ದೇಶದಲ್ಲಿ ಪ್ರಕೃತಿಯಲ್ಲಿ ಅಡ್ಡಾಡುವ ಹಕ್ಕು ಎಲ್ಲರದೂ ಎಂಬ ಹಳೆಯ ಸಂಪ್ರದಾಯವಿದೆ. ಯಾರದಾದರೂ ಮನೆಯ ಅಂಗಳಕ್ಕೆ ಅಡ್ಡಿಯಾಗದಂತೆ ಒಂದೆರಡು ದಿನ ದೋಣಿ ನಿಲ್ಲಿಸಿಕೊಂಡರೆ ಕೇಳುವವರಿಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ, 1995ರ ಕಾಯಿದೆಯ ಪ್ರಕಾರ, ಪರವಾನಗಿ ಪಡೆದ ದೋಣಿಗೆ ಸ್ವಂತ ತಂಗುದಾಣವಿಲ್ಲದಿದ್ದರೂ ಸಾಗುತ್ತ ಇರುವುದಾದರೆ ಒಂದು ಸ್ಥಳದಲ್ಲಿ ಹದಿನಾಲ್ಕು ದಿನಗಳವರೆಗೆ ನಿಲ್ಲಲು ಅವಕಾಶವಿದೆ. ಮನೆಬಾಡಿಗೆ ತೆರಲಾರದೆ ದೋಣಿಯನ್ನೇ ಮನೆ ಮಾಡಿಕೊಂಡವರಿಗೆ ಅದು ಬದುಕಿನ ಆಧಾರ. ಮೆಡಿಟರೇನಿಯನ್ ತೀರದಲ್ಲಿಯಾದರೋ ಪುಕ್ಕಟೆಯ ಕೊಲ್ಲಿಗಳು ಕುಗ್ಗುತ್ತಿವೆ. ತೇಲುಗೂಟ ನೆಟ್ಟು ಅದಕ್ಕೂ ದರ ಇಡುತ್ತಿದ್ದಾರೆ. ಇದೆಲ್ಲವೂ ದುರಾಸೆಯೆನ್ನುವಂತಿಲ್ಲ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲು ಲಂಗರಿನ ಎಳೆತಕ್ಕೆ ಬೇರು ಕಿತ್ತು ಹೋಗುತ್ತಿದ್ದುದರಿಂದ 2018ರಲ್ಲಿ ಅದರ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದರು. ಆದರೆ ಕಾರಣ ಒಳ್ಳೆಯದೇ ಆಗಲಿ ಕೆಟ್ಟದ್ದೇ ಆಗಲಿ, ಪುಕ್ಕಟೆಯ ದಾರಿ ಮುಚ್ಚಿದ ಗಳಿಗೆಯಿಂದ ತಂಗುಬೆಲೆ ಬೇರೆಯೇ ಪದಾರ್ಥವಾಗುತ್ತದೆ. ಮೊದಲು ಅದು ಸೌಕರ್ಯದ ಬೆಲೆಯಾಗಿತ್ತು. ಈಗ ಇರುವಿಕೆಯ ಬೆಲೆ.

ಈ ವಿವೇಕ ನಮ್ಮ ಹಿಂದಿನವರಿಗೆ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ದೋಣಿ ದಾಟಿಸುವ ದರಪಟ್ಟಿಯೇ ಇದೆ: ಬಂಡಿಗೆ ಒಂದು ಪಣ, ಹೊರೆ ಹೊತ್ತವನಿಗೆ ಅರ್ಧ, ಪಶುವಿಗೂ ಹೆಂಗಸಿಗೂ ಕಾಲು, ಬರಿಗೈಯವನಿಗೆ ಅದರ ಅರ್ಧ. ಹೆಂಗಸನ್ನು ಪಶುವಿನ ಸಾಲಿನಲ್ಲಿ ಕೂರಿಸಿದ ಆ ಗ್ರಂಥದ ಮೇಲೆ ನನಗೆ ವಿಶೇಷ ಮಮತೆಯಿಲ್ಲ. ಆದರೂ ಗರ್ಭಿಣಿಯಿಂದ ದೋಣಿಯ ಕೂಲಿ ಕೇಳಕೂಡದೆಂದೂ, ನದಿಗೆ ದರ ಗೊತ್ತುಮಾಡಬಹುದೇ ಹೊರತು ಕಡಲಿಗೆ ಆಗದೆಂದೂ ಅದು ಹೇಳಿರುವುದನ್ನು ಗಮನಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಸೂಕ್ಷ್ಮ. ಬೊಕ್ಕಸ ತುಂಬಿಸುವುದರಲ್ಲಿ ಎಳ್ಳಷ್ಟೂ ದಾಕ್ಷಿಣ್ಯವಿಲ್ಲದ ಆ ಗ್ರಂಥ, ಬೆಸ್ತರಿಂದ ದೋಣಿಯ ಬಾಡಿಗೆಯೆಂದು ಆರನೆಯ ಒಂದು ಪಾಲನ್ನು ವಸೂಲು ಮಾಡಿಸುತ್ತದೆ. ಆದರೆ ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗನ್ನು ಮಾತ್ರ ಬಂದರಿನ ಅಧಿಕಾರಿ ತಂದೆಯಂತೆ ಕಾಣಬೇಕೆಂದು, ನೀರು ತಾಗಿ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು ಇಲ್ಲವೆ ಅರ್ಧ ಮಾಡಬೇಕೆಂದು ವಿಧಿಸುತ್ತದೆ. ಲಾಭಕ್ಕಾಗಿ ನಿಂತವನು ಬೇರೆ, ಜೀವಕ್ಕಾಗಿ ನಿಂತವನು ಬೇರೆ ಎಂಬ ಭೇದ ಅಲ್ಲಿ ಸ್ಪಷ್ಟವಾಗಿದೆ.

ಇವು ಗ್ರಂಥದ ಮಾತುಗಳು. ಆಚರಣೆಯಲ್ಲಿ ಇದ್ದವೋ ಇಲ್ಲವೋ ಎಂದು ಸಂಶಯಪಡುವವರಿಗೆ ನಮ್ಮ ನೆರೆಯಿಂದಲೇ ಒಂದು ಸಾಕ್ಷಿಯುಂಟು. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ತೀರದ ಆ ಹಾಳುಕೋಟೆ, ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಹೆಸರು, ಕವಿರಾಜಮಾರ್ಗದ ಹೆಸರು ಎತ್ತದೆ ಯಾವ ಕನ್ನಡ ಅಧ್ಯಾಪಕನೂ ಆ ಊರನ್ನು ದಾಟುವುದಿಲ್ಲ. ನಾನು ಇಂದು ಬೇರೊಂದು ಹೆಸರನ್ನು ಎತ್ತುತ್ತೇನೆ. ಈಗಿನ ಮಹಾರಾಷ್ಟ್ರದ ಕಡಲಂಚಿನ ಚಿಂಚಣಿಯಲ್ಲಿ ದೊರೆತ, ಮೂರನೆಯ ಇಂದ್ರನ ಕಾಲದ 926ರ ತಾಮ್ರಶಾಸನದಲ್ಲಿ ಮಧುಮತಿ ಎಂಬ ಅಧಿಕಾರಿಯ ಪ್ರಸ್ತಾಪವಿದೆ. ಮಧುಮತಿ ಎಂಬುದು ಮುಹಮ್ಮದ್ ಎಂಬುದರ ಸಂಸ್ಕೃತ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ಆತ ತಾಜಿಕ, ಎಂದರೆ ಅರಬ. ಇಂದ್ರನ ಅಜ್ಜ ಎರಡನೆಯ ಕೃಷ್ಣ ಆತನನ್ನು ಸಂಯಾನ ಮಂಡಲದ, ಎಂದರೆ ಇಂದಿನ ಸಂಜಾಣದ ಸುತ್ತಿನ ಬಂದರುನಾಡಿನ, ಆಡಳಿತಕ್ಕೆ ನಿಯಮಿಸಿದ್ದ. ಆ ಮಧುಮತಿ ಎರಡು ಹೊಳೆಗಳಲ್ಲಿ ಪುಕ್ಕಟೆಯ ದೋಣಿಗಳನ್ನು ಇರಿಸಿದನೆಂದೂ, ಅನ್ನ ವ್ಯಂಜನ ತುಪ್ಪಗಳನ್ನು ಬೆಲೆಯಿಲ್ಲದೆ ಬಡಿಸುವ ಸತ್ರವನ್ನು ಕಟ್ಟಿಸಿದನೆಂದೂ ಶಾಸನ ಹೇಳುತ್ತದೆ.

ಇದನ್ನು ಧರ್ಮಬುದ್ಧಿಯೆಂದಷ್ಟೇ ಹೊಗಳಿ ಮುಗಿಸಿದರೆ ಮಧುಮತಿಯ ಜಾಣ್ಮೆಗೆ ಅನ್ಯಾಯವಾಗುತ್ತದೆ. ಆತ ಬಂದರುನಾಡಿನ ಆಡಳಿತಗಾರ. ಸುಂಕದಿಂದ ಬೊಕ್ಕಸ ತುಂಬಬೇಕಾದವನು. ದಾಟುವುದನ್ನೂ ತಂಗುವುದನ್ನೂ ಪುಕ್ಕಟೆ ಮಾಡಿದರೆ ಜನ ಬರುತ್ತಾರೆ, ಜನ ಬಂದರೆ ಸರಕು ಬರುತ್ತದೆ, ಸರಕು ಬಂದರೆ ಸುಂಕ ಬರುತ್ತದೆ ಎಂಬುದು ಆತನಿಗೆ ತಿಳಿಯದ್ದಲ್ಲ. ಅವನು ಮೂಲದಲ್ಲಿ ಬಿಟ್ಟುಕೊಟ್ಟಿದ್ದು ತುದಿಯಲ್ಲಿ ಮರಳಿ ಬರುತ್ತಿತ್ತು.

ಈಗ ನಮ್ಮ ಕಾಲದ ಕರಾವಳಿ. ಕರ್ನಾಟಕಕ್ಕೆ 320 ಕಿಲೋಮೀಟರಿನಷ್ಟು ಕಡಲತೀರವುಂಟು. 2015ರ ಕಾಯಿದೆಯಿಂದ ಮಾರಿಟೈಮ್ ಮಂಡಳಿ ಹುಟ್ಟಿತು. 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಉಡುಪಿ ಜಿಲ್ಲೆಯ ಬೈಂದೂರಿನಲ್ಲಿ ಮರೀನಾ ನಿರ್ಮಿಸುವ ಯೋಜನೆಯನ್ನು ಸಾರಿದರು. ನೆರೆಯ ಕೇರಳದಲ್ಲಿ, ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ, ಪ್ರವಾಸೋದ್ಯಮ ನಿಗಮದ ಮರೀನಾ ಅದಕ್ಕೂ ಮುಂಚಿನಿಂದ ಇದೆ. ವಿಹಾರನೌಕೆ ಎಂದೊಡನೆ ಮೂಗುಮುರಿಯುವ ಜಾತಿಗೆ ನಾನು ಸೇರಿದವನಲ್ಲ. ಕಡಲಿನ ಮೇಲೆ ಒಂದು ರಾತ್ರಿ ಮಲಗಬೇಕೆಂಬ ಆಸೆ ಪಾಪವಲ್ಲ. ಅದಕ್ಕೆ ಬೆಲೆ ತೆರಬಲ್ಲವರು ತೆರಲಿ, ಆ ಹಣ ಊರಿಗೆ ಬರಲಿ. ಆದರೆ ದರಪಟ್ಟಿಯನ್ನು ಗೋಡೆಗೆ ಹಚ್ಚುವ ಮುಂಚೆ ಕೇಳಬೇಕಾದ ಮಾತುಗಳಿವೆ.

ನಮ್ಮ ಪಡುವಣ ಕಡಲು ಮೆಡಿಟರೇನಿಯನ್ ಅಲ್ಲ. ಜೂನ್ ಬಂತೆಂದರೆ ಮುಂಗಾರು ದಡವನ್ನು ಮುರಿಯಲು ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆ ಗಂಗೊಳ್ಳಿಗಳಂತಹ ಬಂದರುಗಳಲ್ಲಿ ದೋಣಿಗೆ ದೋಣಿ ಒತ್ತಿ ನಿಲ್ಲುತ್ತವೆ. ನೆಲೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಆ ಎರಡು ತಿಂಗಳಲ್ಲಿಯೇ ವಿಹಾರನೌಕೆಗೂ ನೆಲೆ ಬೇಕು. ಮುಂಗಾರನ್ನು ತಡೆಯಬಲ್ಲ ಒಡ್ಡು ಅಗ್ಗದ ಒಡ್ಡಲ್ಲ; ಅಷ್ಟು ಖರ್ಚಿನ ಒಡ್ಡು ವಿಹಾರದ ದೃಷ್ಟಿಯಿಂದ ವರ್ಷದಲ್ಲಿ ಏಳೆಂಟು ತಿಂಗಳು ಮಾತ್ರ ಗಳಿಸುತ್ತದೆ. ಪೂರ್ತಿ ವೆಚ್ಚವನ್ನು ತಂಗುವವರಿಂದಲೇ ವಸೂಲು ಮಾಡಹೊರಟರೆ ದರ ಕ್ರೊಯೇಶಿಯಕ್ಕೆ ಸಮನಾಗುತ್ತದೆ, ಆಗ ಬರುವವರಿಲ್ಲ. ವಸೂಲು ಮಾಡದಿದ್ದರೆ ಉಳಿದದ್ದನ್ನು ತೆರುವವರು ಯಾರು? ಬೊಕ್ಕಸ, ಎಂದರೆ ಬೈಂದೂರನ್ನು ಎಂದೂ ನೋಡದ ಚಿತ್ತಾಪುರದ ತೊಗರಿ ಬೆಳೆಗಾರನೂ. ಆತ ತೆರಬಾರದೆಂದು ನಾನು ಹೇಳುತ್ತಿಲ್ಲ. ಅದೇ ಒಡ್ಡಿನ ಮರೆಯಲ್ಲಿ ಮಳೆಗಾಲದಲ್ಲಿ ಮೀನುಗಾರನ ದೋಣಿಗೂ ಎಡೆಯುಂಟೆಂದಾದರೆ ಆತ ಸಂತೋಷದಿಂದ ತೆರಲಿ. ಗುತ್ತಿಗೆದಾರನ ಬೇಲಿಯೊಳಗೆ ವಿಹಾರನೌಕೆಗೆ ಮಾತ್ರ ಎಡೆಯೆಂದಾದರೆ, ಬಡವನು ಸಿರಿವಂತನ ತಂಗುಬೆಲೆಯಲ್ಲಿ ಪಾಲು ಕೊಟ್ಟಂತಾಗುತ್ತದೆ.

ಕೇರಳದ ಹಿನ್ನೀರಿನಲ್ಲಿ ಇದಕ್ಕೊಂದು ಒಪ್ಪಂದವನ್ನು ಕಂಡುಕೊಂಡಿದ್ದಾರೆ. ವೇಂಬನಾಡು ಸರೋವರದ ದೋಣಿಮನೆಗಳು ಸಂಜೆ ಐದೂವರೆಯ ಸುಮಾರಿಗೆ ಸಂಚಾರವನ್ನು ನಿಲ್ಲಿಸಿ ದಡಕ್ಕೆ ಕಟ್ಟಿಕೊಳ್ಳಬೇಕು. ಆಮೇಲೆ ನೀರು ಬಲೆ ಬೀಸುವ ಬೆಸ್ತರದು. ಸಾವಿರಾರು ರೂಪಾಯಿ ತೆತ್ತ ಪ್ರವಾಸಿ ಕಿಟಕಿಯಲ್ಲಿ ಕುಳಿತು ನೋಡಬಹುದು, ಅಷ್ಟೆ. ಹಗಲನ್ನು ವಿಹಾರಕ್ಕೆ ಬಿಟ್ಟು ಇರುಳನ್ನು ದುಡಿಮೆಗೆ ಕಾದಿಟ್ಟ ಈ ಕ್ರಮ ನನಗೆ ಬಹಳ ಹಿಡಿಸಿದೆ.

ಇಷ್ಟು ದೂರ ಕಡಲಲ್ಲಿ ಅಲೆದ ಮೇಲೆ ಮರಳಿ ಊರಿಗೆ ಬರಲೇಬೇಕು. ವಾರ್ಫೇಜಿನ ಒಡಹುಟ್ಟು ಇನ್ನೊಂದು ಶಬ್ದವುಂಟು. ವಾಡಿಯಲ್ಲಿ ಶಾಲೆಗೆ ಹೋಗದ ಹಮಾಲನಿಗೂ ಗೊತ್ತಿರುವ ಶಬ್ದ, ಡೆಮರೇಜ್. ಅದೂ ಹಡಗಿನ ಮಾತೇ. ಗೊತ್ತಾದ ಹೊತ್ತಿನೊಳಗೆ ಹಡಗನ್ನು ತುಂಬದೆ, ಇಳಿಸದೆ ಕಾಯಿಸಿದರೆ ಕಾಯಿಸಿದವನು ತೆರಬೇಕಾದ ದಂಡ. ರೈಲಿಗೆ ಬಂದಾಗ ಅದು ವ್ಯಾಗನ್ನಿನ ಲೆಕ್ಕಕ್ಕೆ ಬಂತು: ಇಷ್ಟು ಗಂಟೆ ಪುಕ್ಕಟೆ, ಆಮೇಲೆ ವ್ಯಾಗನ್ನಿಗೆ ಗಂಟೆಗಿಷ್ಟು. ಈ ಏರ್ಪಾಡಿನಲ್ಲಿ ಒಂದು ಸೊಗಸಾದ ನ್ಯಾಯವಿದೆ. ಕಾಯುವಿಕೆಯ ಬೆಲೆಯನ್ನು ಕಾಯುವವನಲ್ಲ, ಕಾಯಿಸುವವನು ಕೊಡುತ್ತಾನೆ. ಕಬ್ಬಿಣದ ಡಬ್ಬಿಯೊಂದು ಅರ್ಧ ದಿನ ಸುಮ್ಮನೆ ನಿಂತರೆ ಅದಕ್ಕೆ ಕೂಲಿಯುಂಟು.

ಲಾರಿಯ ಚಾಲಕನಿಗೆ? ಸೇಡಂ, ಮಳಖೇಡ, ವಾಡಿ, ಚಿತ್ತಾಪುರಗಳ ಸಿಮೆಂಟಿನ ನಾಡಿನಲ್ಲಿ ರಾತ್ರಿ ಬಸ್ಸಿನಲ್ಲಿ ಬಂದವರೆಲ್ಲ ಕಂಡ ನೋಟವನ್ನು ನಾನು ಬಣ್ಣಿಸಬೇಕಾಗಿಲ್ಲ. ರಸ್ತೆಯ ಅಂಚಿನಲ್ಲಿ ಲಾರಿಯ ಹಿಂದೆ ಲಾರಿ. ಕೆಳಗೆ ಟಾರ್ಪಾಲು ಹಾಸಿ ಮಲಗಿದವರು, ಸ್ಟವ್ ಹಚ್ಚಿ ಅನ್ನಕ್ಕಿಟ್ಟವರು. ಸರದಿ ಬರುವುದು ನಡುರಾತ್ರಿಯೋ, ಮರುದಿನವೋ. ಲಾರಿ ನಿಂತುದಕ್ಕೆ ಹಾಲ್ಟಿಂಗ್ ಎಂದು ಹಣ ಕೊಡುವ ರೂಢಿ ಇದ್ದರೂ ಅದು ಮಾಲಿಕನಿಗೂ ಬಾಡಿಗೆ ಹಿಡಿದವನಿಗೂ ನಡುವಣ ಮಾತು. ಬಂದರೆ ಮಾಲಿಕನ ಲೆಕ್ಕಕ್ಕೆ. ಚಾಲಕನ ಬತ್ತೆ ಬಹುಮಟ್ಟಿಗೆ ಖೇಪಿನ ಮೇಲೆ. ಖೇಪು ಒಂದು ದಿನದಲ್ಲಿ ಮುಗಿದರೂ ಮೂರು ದಿನದಲ್ಲಿ ಮುಗಿದರೂ ಬತ್ತೆ ಅಷ್ಟೇ, ಆದರೆ ಊಟ ಮಾತ್ರ ಮೂರು ದಿನದ್ದು. ವ್ಯಾಗನ್ನು ಕಾದರೆ ರೈಲ್ವೆಗೆ ಹಣ, ಹಡಗು ಕಾದರೆ ಹಡಗಿನವನಿಗೆ ಹಣ, ಮನುಷ್ಯ ಕಾದರೆ ಅವನದೇ ಖರ್ಚು.

ಕಾನೂನು ಇಲ್ಲವೆಂದಲ್ಲ. ಐವರಿಗೆ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ಸಾರಿಗೆ ಉದ್ಯಮಗಳಿಗಾಗಿ 1961ರಲ್ಲಿಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದಿತ್ತು. ಅದರ ಒಂಬತ್ತನೆಯ ಕಲಮಿನಲ್ಲಿ, ಕಾರ್ಮಿಕರು ರಾತ್ರಿ ತಂಗಬೇಕಾಗುವ ಪ್ರತಿಯೊಂದು ಸ್ಥಳದಲ್ಲಿಯೂ ಮಾಲಿಕನು ವಿಶ್ರಾಂತಿಯ ಕೋಣೆಗಳನ್ನು ಒದಗಿಸಬೇಕೆಂದು ಇತ್ತು. ಒಂದೆರಡು ಲಾರಿಗಳ ಮಾಲಿಕರೇ ತುಂಬಿರುವ ಈ ವ್ಯವಹಾರದಲ್ಲಿ ಐವರ ಲೆಕ್ಕಕ್ಕೆ ಸಿಕ್ಕವರು ಕಡಿಮೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿಸುರಕ್ಷತೆಯ ಸಂಹಿತೆ ಆ ಹಳೆಯ ಕಾಯಿದೆಯನ್ನು ತನ್ನೊಳಗೆ ನುಂಗಿಕೊಂಡಿದೆ. 2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ರಾಷ್ಟ್ರೀಯ ಹೆದ್ದಾರಿಗಳ ಬದಿಯಲ್ಲಿ ಮೊದಲ ಹಂತವಾಗಿ ಚಾಲಕರಿಗಾಗಿ ಸಾವಿರ ವಿಶ್ರಾಂತಿಗೃಹಗಳನ್ನು ಕಟ್ಟುವ ಯೋಜನೆಯನ್ನು ಸಾರಿದರು. 2025ರಲ್ಲಿ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಎರಡೂ ಒಳ್ಳೆಯ ಕೆಲಸಗಳೇ. ಮೇ ತಿಂಗಳಿನಲ್ಲಿ ನಮ್ಮ ಬಿಸಿಲನ್ನು ಬಲ್ಲವರು ಇದನ್ನು ಶೋಕಿಯೆನ್ನಲಾರರು. ಆದರೆ ಚಾಲಕ ಕಾಯುವುದು ಹೆದ್ದಾರಿಯ ಮೇಲಲ್ಲ. ಕಾರ್ಖಾನೆಯ ಬಾಗಿಲಿಗೆ ಹೋಗುವ ಅಡ್ಡರಸ್ತೆಯ ಮೇಲೆ. ಅವನಿಗೆ ಬೇಕಾದುದು ಮರೀನಾದ ದರಪಟ್ಟಿಯಲ್ಲಿ ಇರುವಷ್ಟೇ: ಸಮತಟ್ಟಾದ ಎಡೆ, ನೀರು, ದೀಪ, ಶೌಚ, ರಾತ್ರಿಯ ಕಾವಲು. ಕಡಲಿನಲ್ಲಾದರೆ ಅಲೆಯನ್ನು ತಡೆಯುವ ಒಡ್ಡು ಬೇಕು. ಇಲ್ಲಿ ಅದೂ ಬೇಡ, ಒಂದಿಷ್ಟು ಮಟ್ಟ ಮಾಡಿದ ನೆಲ ಸಾಕು. ಹಾಸಲು ಶಹಾಬಾದಿನ ಕಲ್ಲಿಗೆ ಇಲ್ಲಿ ಬರವೆ?

ಇದಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಡೆಮರೇಜಿನ ತತ್ತ್ವವೇ ಉತ್ತರ. ಇಷ್ಟು ಗಂಟೆಯ ಕಾಯುವಿಕೆ ಸಹಜ, ಆಮೇಲೆ ಕಾಯಿಸಿದವರು ಗಂಟೆಯ ಲೆಕ್ಕದಲ್ಲಿ ಕೊಡಬೇಕು, ಅದರ ಒಂದು ಪಾಲು ನೇರವಾಗಿ ಚಾಲಕನ ಕೈಗೆ, ಇನ್ನೊಂದು ಪಾಲು ತಂಗುದಾಣಕ್ಕೆ ಎಂದು ಗೊತ್ತುಮಾಡಿದರೆ ಎರಡು ಕೆಲಸ ಆಗುತ್ತವೆ. ತಂಗುದಾಣಕ್ಕೆ ಹಣ ಬರುತ್ತದೆ. ಕಾಯಿಸುವುದು ದುಬಾರಿಯಾದುದರಿಂದ ಕಾಯಿಸುವುದೂ ಕಡಿಮೆಯಾಗುತ್ತದೆ. ಇಂದು ಸರದಿ ಉದ್ದವಾದಷ್ಟೂ ಯಾರಿಗೂ ನಷ್ಟವಿಲ್ಲ, ಸರದಿಯಲ್ಲಿ ನಿಂತವನೊಬ್ಬನ ಹೊರತು. ಬೆಲೆ ಹೆಚ್ಚೀತೆಂದು ವ್ಯಾಪಾರಿಗಳು ಹೇಳುವರು. ಚೀಲವೊಂದಕ್ಕೆ ಕೆಲವು ಪೈಸೆ ಹೆಚ್ಚಬಹುದು, ನಿಜ. ಆದರೆ ಆ ಪೈಸೆಗಳನ್ನು ಇಂದೂ ಒಬ್ಬರು ತೆರುತ್ತಲೇ ಇದ್ದಾರೆ, ಲೆಕ್ಕದ ಪುಸ್ತಕದ ಹೊರಗೆ, ನಿದ್ದೆಯ ರೂಪದಲ್ಲಿ. ನಿದ್ದೆಗೆಟ್ಟ ಚಾಲಕನೊಡನೆ ಅದೇ ರಸ್ತೆಯಲ್ಲಿ ನಸುಕಿನಲ್ಲಿ ನಮ್ಮ ಮಕ್ಕಳು ಪರೀಕ್ಷೆಗೆ ಬೈಕು ಓಡಿಸಿಕೊಂಡು ಬರುತ್ತಾರೆ.

ಚಂದ್ರಂಪಳ್ಳಿಯಿಂದ ಮರಳಿದ ಆ ಸಂಜೆ ನಮ್ಮ ಬಸ್ಸು ಲಾರಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಂತಿತು. ಹುಡುಗರು ಇಳಿದು ಚಹದಂಗಡಿಗೆ ಹೋದರು, ನಾನೂ ಹೋದೆ. ಬಾಣಲೆಯ ಪಕ್ಕದಲ್ಲಿ ಕುಳಿತಿದ್ದ ಐವತ್ತರ ಪ್ರಾಯದ ಚಾಲಕರೊಬ್ಬರೊಡನೆ ಮಾತಿಗೆ ತೊಡಗಿ, ಯುರೋಪಿನ ದೋಣಿಗಳ ಸಂಗತಿ ಹೇಳಿ, ಇಂಥದೇ ಒಂದು ಕಾವಲಿನ ಜಾಗ ಇಲ್ಲಿ ಆದರೆ ರಾತ್ರಿಗೆ ಎಷ್ಟು ಕೊಡುವಿರೆಂದು ಕೇಳಿದೆ. ಅವರು ನಗಲಿಲ್ಲ, ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

“ಜಳಕಕ್ಕ ನೀರು ಇರಬೇಕು, ಡೀಸೆಲ್ ಕದಿಯದಂಗ ಒಬ್ಬ ಮನಷಾ ಇರಬೇಕು. ಐವತ್ತು ರೂಪಾಯಿ ಕೊಡತೀನ್ರಿ ಸರ. ಎರಡು ರಾತ್ರಿ ಆದ್ರ ನೂರು.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಮೂರನೇ ರಾತ್ರಿದು ಮಾತ್ರ ಆಗಂಗಿಲ್ರಿ. ಅಷ್ಟೊತ್ತಿಗೆ ಬತ್ತೆ ಮುಗಿದಿರತದ.”